ಬೂದಿ ಎಳೆಯುವ ಕಲ್ಲು

“ಕಲ್ಲಿಗೆ ಬಾಯಿಲ್ಲ ಅಂತ ಯಾರು ಹೇಳಿದ್ರಿ? ಒಂದು ಬಸಿ ನೀರು ಕೊಡ್ರಿ, ತಾನೇ ಮಾತಾಡ್ತದ” ಎಂದಳು ವಿಮಲಾಕ್ಷಿ.

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಹರಳಿಗೆ ಸಾಣೆ ಹಿಡಿಯುವ ಅಸ್ಗರನ ಕೋಣೆ. ಎರಡು ಚಾಪೆ ಬಿಡಿಸಿದರೆ ಜಾಗ ಮುಗಿಯಿತು. ಅದರಲ್ಲಿ ಈಗ ಐದು ಜನ. ಚಕ್ರದ ಮುಂದೆ ತಲೆ ತಗ್ಗಿಸಿ ಕೂತ ಮುದುಕ ಅಸ್ಗರ್. ಇರುವ ಒಂದೇ ಕುರ್ಚಿಯಲ್ಲಿ, ಮೊಣಕಾಲಿಗೆ ಕೈ ಊರಿಕೊಂಡು, ಕಲ್ಲಿನ ಒಡೆಯ ಮುನಿಆಂಜನಪ್ಪ. ಹೊಸ್ತಿಲ ಮೇಲೆ ಕಲ್ಲಿನ ದಲ್ಲಾಳಿ ವಾಜಿದ್. ಅಡುಗೆಮನೆಯ ಪರದೆ ಹಿಡಿದು ನಿಂತವಳು ಅಸ್ಗರನ ಹೆಂಡತಿ ಇಮಾಮ್ ಬೀ. ಗಂಡನನ್ನು ಉಳಿಸಿಕೊಡಿ ಎಂದು ಹಲಸೂರಿನ ತನಕ ಹೋಗಿ ವಿಮಲಾಕ್ಷಿಯನ್ನು ಕರೆತಂದವಳು ಅವಳೇ.

ಹನ್ನೆರಡು ದಿನದ ಹಿಂದೆ ಮುನಿಆಂಜನಪ್ಪ ಇಲ್ಲಿ ಕೊಟ್ಟು ಹೋದದ್ದು ಅರ್ಧ ಹಸಿರು, ಅರ್ಧ ಗುಲಾಬಿಯ ಅಸಲಿ ಟೂರ್ಮಲೀನ್ ಹರಳು. ಮನೆಗೆ ವಾಪಸು ಬಂದದ್ದು ಅಂಟಿಸಿದ ನಕಲಿ ಎಂದು ಭಾನುವಾರ ಒಡವೆ ಅಂಗಡಿಯ ಸೇಟು ಹೇಳಿಬಿಟ್ಟಿದ್ದ.

“ಐದು ಗಂಟೆ ತನಕ ನೋಡ್ತೀನಿ ಕಣಮ್ಮ” ಎಂದ ಮುನಿಆಂಜನಪ್ಪ. “ಆಮೇಲೆ ಇನ್‌ಸ್ಪೆಕ್ಟರ್ ಕರ್ಕೊಂಡೇ ಬರೋದು. ಮಗಳ ಮದ್ವೆಗೆ ಇನ್ನು ಎಂಟು ದಿನ ಐತೆ. ಪದಕ ಮಾಡಿಸಾನ ಅಂತ ಕೊಟ್ಟಿದ್ದು. ಈ ಸಾಬಿ ನನ್ ಮಗಳ ಕತ್ತಿಗೆ ಗಾಜು ಕಟ್ಟಿದ್ನಲ್ಲ!”

ಅಸ್ಗರ್ ತಲೆ ಎತ್ತಲಿಲ್ಲ. ನಲವತ್ತು ವರ್ಷ ಕಲ್ಲು ಹಿಡಿದು ಅವನ ಬೆರಳ ತುದಿಗಳಲ್ಲಿ ಗೆರೆಗಳೇ ಅಳಿಸಿಹೋಗಿದ್ದವು. ಐದು ಗಂಟೆಗೆ ಆ ಕೈಗೆ ಕೋಳ ಬಿದ್ದರೆ ಮುಂದೆ ಈ ಪೇಟೆಯಲ್ಲಿ ಯಾರೂ ಅದರಲ್ಲಿ ಒಂದು ಕಾಳು ಹರಳನ್ನೂ ಇಡುವುದಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತು.

ಬಸಿ ಬಂತು. ವಿಮಲಾಕ್ಷಿ ಚಿಮಟದಲ್ಲಿ ಕಲ್ಲನ್ನೆತ್ತಿ ನೀರಿಗೆ ಇಳಿಸಿದಳು. ಕಿರುಬೆರಳಿನ ಒಂದು ಗಿಣ್ಣಿನಷ್ಟು ಉದ್ದ. ನೀರು ತಾಗಿದ್ದೇ ತಡ, ಮೇಲಿನ ಥಳಕು ಸತ್ತು ಒಳಗಿನದು ಕಂಡಿತು. ಹಸಿರು ಮುಗಿದು ಗುಲಾಬಿ ಶುರುವಾಗುವಲ್ಲಿ ಒಂದು ನೇರ ಗೆರೆ. ಗೆರೆಯುದ್ದಕ್ಕೂ ಸಾಸಿವೆಗಿಂತ ಸಣ್ಣ ಗುಳ್ಳೆಗಳು.

“ಬರ್ರಿ ಯಜಮಾನ್ರ, ನೀವೇ ನೋಡ್ರಿ” ಎಂದು ಅವಳು ತನ್ನ ಭೂತಗನ್ನಡಿ ಕೊಟ್ಟಳು. “ಹುಟ್ಟಿನಿಂದ ಎರಡು ಬಣ್ಣ ಇದ್ದ ಕಲ್ಲಿನಾಗ ಗಡಿ ಚೊಕ್ಕ ಇದ್ದಷ್ಟೂ ಬೆಲಿ ಜಾಸ್ತಿ, ಖರೆ. ಆದ್ರ ಎಷ್ಟೇ ಚೊಕ್ಕ ಇದ್ರೂ ಒಂದು ಬಣ್ಣ ಇನ್ನೊಂದರ ಹೊಲದಾಗ ಚೂರು ಕಾಲಿಟ್ಟಿರ್ತದ. ಇದು ನೋಡ್ರಿ, ಸ್ಕೇಲ್ ಹಿಡ್ದು ಗೆರಿ ಹೊಡ್ದಂಗ ಐತಿ. ಗುಳ್ಳಿ ಇರೋದು ಅಂಟಿನವು.”

ಮುನಿಆಂಜನಪ್ಪ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿಯದೆ ಕಲ್ಲಿಗೇ ತಾಗಿಸಿ ಹಿಡಿದು, “ಏನೂ ಕಾಣ್ಸಲ್ವಲ್ಲ” ಎಂದ. ವಾಜಿದ್ ನಕ್ಕ.

“ಹಸಿರಿಗೆ ಏನೂ ಆಗಿಲ್ಲ ಅಲ್ವಾ ಅಕ್ಕಾ?” ಪರದೆಯ ಬಳಿಯಿಂದ ಇಮಾಮ್ ಬೀ ಮೆಲ್ಲನೆ ಕೇಳಿದಳು.

ವಿಮಲಾಕ್ಷಿ ತಿರುಗಿ ನೋಡಲಿಲ್ಲ. ಆದರೆ ಆ ಮಾತನ್ನು ಕಿವಿಯ ಗೂಟಕ್ಕೆ ನೇತುಹಾಕಿಕೊಂಡಳು. ಹಟ್ಟಿಯ ಚಿನ್ನದ ಗಣಿಯಲ್ಲಿ ಅದಿರಿನ ಪುಡಿ ತೂಗಿ, ಕಾಸಿ, ಸೋಸಿ ಹದಿನೆಂಟು ವರ್ಷ ಕಳೆದವಳು ಅವಳು. ಪುಸ್ತಕ ಓದಿ ಕಲಿತದ್ದಕ್ಕಿಂತ ಪಕ್ಕದವರ ಮಾತು ಕೇಳಿ ಕಲಿತದ್ದೇ ಹೆಚ್ಚು. ಈಗ ಹಲಸೂರು ಕೆರೆಯ ಹತ್ತಿರ, ಒಂದು ಹೊಲಿಗೆ ಅಂಗಡಿಯ ಮೇಲೆ ರತ್ನ ಪರೀಕ್ಷೆಯ ಬೋರ್ಡು ಹಾಕಿಕೊಂಡಿದ್ದಳು. ಜನ ಕಲ್ಲಿನ ಜೊತೆಗೆ ತಮ್ಮ ಗುಟ್ಟುಗಳನ್ನೂ ತಂದು ಸುರಿಯತೊಡಗಿ ಪತ್ತೇದಾರಿಕೆ ಹಾಗೇ ಗಂಟುಬಿದ್ದಿತ್ತು.

“ಅಸ್ಗರ್ ಭಾಯಿ, ನೀವು ಅಸಲಿ ಅಂತ ಹೆಂಗ ಹೇಳ್ತೀರಿ? ಇವರಿಗೆ ಒಮ್ಮೆ ಹೇಳ್ರಿ.”

ಅಸ್ಗರ್ ಚಕ್ರಕ್ಕೇ ಹೇಳುವವನಂತೆ ಹೇಳಿದ. “ಸಾಣೆ ಹಿಡಿಯೋಕೆ ಮುಂಚೆ ಕಲ್ಲನ್ನ ಅರಗಲ್ಲಿ ಕಡ್ಡಿಗೆ ಕೂರಿಸ್ಬೇಕು. ಅದಕ್ಕೆ ಬಿಸಿ ಮಾಡ್ಬೇಕು. ಬಿಸಿ ಮಾಡಿ ಕೆಳಗಿಟ್ಟೆ, ಪಕ್ಕದಲ್ಲಿದ್ದ ಬೀಡಿ ಬೂದಿ ಎಲ್ಲಾ ಎಳ್ಕೊಂಡ್ತು. ಈ ಜಾತಿ ಕಲ್ಲಿಗೆ ಆ ಗುಣ ಇದೆ. ಅಂಟಿಸಿದ್ದಾಗಿದ್ರೆ ಆ ಬಿಸಿಗೆ ಅವತ್ತೇ ಎರಡು ತುಂಡಾಗ್ತಿತ್ತು. ಮೇಲಿನ ಗೀರು ತೆಗ್ದೆ, ಬುಧವಾರ ವಾಜಿದ್ ಕೈಲಿ ಕಳಿಸ್ದೆ. ಅಷ್ಟೇ.”

“ಬೂದಿ ಎಳ್ಕಳತ್ತಂತೆ! ಕಲ್ಲೇನು ಬೀಡಿ ಸೇದ್ತದಾ?” ಎಂದ ಮುನಿಆಂಜನಪ್ಪ.

“ಸೇದಿಸಿ ನೋಡೋಣ್ರಿ” ಎಂದು ವಿಮಲಾಕ್ಷಿ ಎದ್ದಳು.

ಅರಗು ಕಾಸುವ ಸ್ಪಿರಿಟ್ ದೀಪ ಹಚ್ಚಿದಳು. ವಾಜಿದ್ ಸೇದುತ್ತಿದ್ದ ಬೀಡಿಯ ಬೂದಿಯನ್ನು ಕಾಗದದ ಮೇಲೆ ಉದುರಿಸಿಕೊಂಡಳು. ಒರೆಸಿ ಒಣಗಿಸಿದ ಕಲ್ಲನ್ನು ಜ್ವಾಲೆಯಿಂದ ಒಂದು ಗೇಣು ಮೇಲೆ, ಅಂಟು ಬಿಡದಷ್ಟು ದೂರದಲ್ಲಿ ಆಡಿಸಿದಳು. ಆಮೇಲೆ ಹಸಿರು ತುದಿಯನ್ನು ಬೂದಿಯ ಹತ್ತಿರ ತಂದಳು.

ಬೂದಿಯ ಎಸಳೊಂದು ಮೆಲ್ಲನೆ ಮಗ್ಗುಲು ಬದಲಿಸಿತು. ಎದ್ದು ನಿಂತಿತು. ಟಕ್ಕನೆ ಹಾರಿ ಹಸಿರಿಗೆ ಅಂಟಿಕೊಂಡಿತು. ಅದರ ಹಿಂದೆ ಇನ್ನೊಂದು.

“ಅಯ್ಯೋ ಶಿವನೇ!” ಮುನಿಆಂಜನಪ್ಪ ಕುರ್ಚಿ ಬಿಟ್ಟು ಕುಕ್ಕರುಗಾಲಲ್ಲಿ ಕೂತೇಬಿಟ್ಟ. ಐವತ್ತೆಂಟರ ಮುಖದಲ್ಲಿ ಐದರ ಕಣ್ಣು. “ಇನ್ನೊಂದ್ಕಿತ ಮಾಡಮ್ಮ!”

ವಿಮಲಾಕ್ಷಿ ಈ ಸಲ ಗುಲಾಬಿ ತುದಿ ಒಡ್ಡಿದಳು. ಬೂದಿ ಸತ್ತಂತೆ ಬಿದ್ದಿತ್ತು.

“ಗುಲಾಬಿ ಗಾಜು. ಹಸಿರು ಖರೆ ಟೂರ್ಮಲೀನು” ಎಂದಳು. “ಯಜಮಾನ್ರ, ನಿಮ್ಮ ಕಲ್ಲಿಗೆ ಏನಾದ್ರೂ ಗುರ್ತು ಇತ್ತೇನ್ರಿ?”

“ಹಸಿರು ಮೂಲೇಲಿ ಒಂದ್ ಚೂರು ಕಿತ್ತಿತ್ತು. ನಮ್ ಧನಲಕ್ಷ್ಮಿ ಚಿಕ್ಕೋಳಿದ್ದಾಗ ಒರಳಿನ ಮೇಲೆ ಬೀಳ್ಸಿ...” ಮಾತು ನಿಂತಿತು. ಅವನ ಉಗುರು ಕಲ್ಲಿನ ಹಸಿರು ಮೂಲೆಯಲ್ಲಿ ಒಂದು ಸಣ್ಣ ಕಚ್ಚಿಗೆ ಸಿಕ್ಕಿಕೊಂಡಿತ್ತು. “ಇದೇ! ಇದು ನಮ್ದೇ!”

“ಅಂದ್ರ ನಿಮ್ಮ ಕಲ್ಲನ್ನ ಯಾರೂ ಬದಲಿ ಮಾಡಿಲ್ಲ. ನಡುವೆ ಕೊಯ್ದಾರ. ಗುಲಾಬಿ ತಗೊಂಡು, ಆ ಜಾಗಕ್ಕ ಗಾಜು ಕೂಡಿಸ್ಯಾರ.”

ಹಾಗೆಂದವಳಿಗೇ ಆ ಮಾತು ಒಗಟಿನಂತೆ ಕೇಳಿಸಿತು. ಕದಿಯುವವನು ಇಡಿಯಾಗಿ ಕದಿಯಬಹುದಿತ್ತಲ್ಲ? ಅರ್ಧ ಯಾಕೆ?

“ವಾಜಿದ್ ಭಾಯಿ, ಕರವಸ್ತ್ರ ತೆಗೀರಿ. ಇದು ಇಡೀ ಇದ್ದಾಗ ನೀವು ಏನು ಕೊಡ್ತಿದ್ರಿ?”

ವಾಜಿದನ ಮುಖ ಅರಳಿತು. ಇಪ್ಪತ್ತು ವರ್ಷದ ದಲ್ಲಾಳಿ ಅವನು. ನಾಲ್ಕು ಜನರ ಎದುರು ಬೆಲೆಯನ್ನು ಬಾಯಲ್ಲಿ ಹೇಳುವುದು ಅವನ ಪಾಲಿಗೆ ಬಟ್ಟೆ ಬಿಚ್ಚಿ ನಿಂತಂತೆ. ಕರವಸ್ತ್ರವನ್ನು ತನ್ನ ಬಲಗೈ ಮೇಲೆ ಹರಡಿ ಮುಂದೆ ಚಾಚಿದ. ವಿಮಲಾಕ್ಷಿ ಅದರಡಿ ಕೈ ಇಟ್ಟಳು. ಎಷ್ಟು ಬೆರಳು ಹಿಡಿದರೆ ಅಷ್ಟು ಸಂಖ್ಯೆ. ಸಾವಿರವೋ ಲಕ್ಷವೋ ಅಷ್ಟು ಮಾತ್ರ ಬಾಯಲ್ಲಿ.

“ಬಣ್ಣ ಎರಡೂ ಕಡೆ ಗಾಢ, ಒಳಗೆ ಕಸ ಇಲ್ಲ, ಗಡಿ ಸರಿಯಾಗಿ ಮಧ್ಯದಲ್ಲಿ. ಇಪ್ಪತ್ತು ಕ್ಯಾರೆಟ್ ಮೇಲೆ ಇತ್ತು ಮೇಡಂ. ಅಂಥದ್ದನ್ನ ನಾನು ಜನ್ಮದಲ್ಲಿ ಎರಡೋ ಮೂರೋ ನೋಡಿರ್ಬೇಕು” ಎನ್ನುತ್ತ ಅವನು ಅವಳ ಎರಡು ಬೆರಳನ್ನು ಗಟ್ಟಿಯಾಗಿ ಹಿಡಿದ. “ಲಾಖ್.”

“ಹಸಿರು ತುಂಡು ಒಂದೇ ಇದ್ರ?”

ಐದು ಬೆರಳು ಒಮ್ಮೆ, ಮೂರು ಬೆರಳು ಇನ್ನೊಮ್ಮೆ. “ಹಜಾರ್.”

“ಏನದು, ಏನದು? ನಂಗೂ ಹೇಳ್ರಪ್ಪ, ನಂದೇ ಕಲ್ಲಲ್ವಾ!” ಮುನಿಆಂಜನಪ್ಪ ಕರವಸ್ತ್ರದ ಅಂಚಿನಲ್ಲಿ ಇಣುಕಿದ.

“ಇಡಿ ಕಲ್ಲಿಗೆ ಎರಡು ಲಕ್ಷ. ಅರ್ಧಕ್ಕ ಎಂಟು ಸಾವಿರ” ಎಂದಳು ವಿಮಲಾಕ್ಷಿ.

“ಅದೆಂಗಾಯ್ತದೆ? ಅರ್ಧಕ್ಕೆ ಒಂದ್ ಲಕ್ಷ ಆಗ್ಬೇಕು! ಮೂವತ್ ನಲವತ್ ಸೈಟ್ ಎರಡು ಪಾಲು ಮಾಡಿದ್ರೆ ಅರ್ಧಕ್ಕೆ ಅರ್ಧ ರೇಟು. ನಮ್ ರಾಮಮೂರ್ತಿ ನಗರದ ಹೊಲಾನೆಲ್ಲ ಹಂಗೇ ಕೊಟ್ಟಿರೋದು. ಮೂಲೆ ತುಂಡಾದ್ರೆ ಇನ್ನೂ ಜಾಸ್ತೀನೇ ಬರ್ತದೆ.”

“ಅರೆ ಸಾಬ್, ಇದು ಹೊಲ ಅಲ್ಲ” ಎಂದ ವಾಜಿದ್. “ಹಸಿರು ಒಂದೇ ಬೇಕಂದ್ರೆ ಬಜಾರಲ್ಲಿ ಬೇಕಾದಷ್ಟಿದೆ. ಗುಲಾಬಿನೂ ಇದೆ. ಎರಡೂ ಒಂದೇ ಮೈಯಲ್ಲಿ ಇರೋದಕ್ಕೇ ಬೆಲೆ. ಇದನ್ನ ಕೊಯ್ದವನು ಕಳ್ಳ ಅಲ್ಲ, ಹುಚ್ಚ.”

ಅಲ್ಲಿಗೆ ವಾಜಿದನ ಮೇಲೆ ವಿಮಲಾಕ್ಷಿಗಿದ್ದ ಅನುಮಾನ ಕರಗಿತು. ಕರವಸ್ತ್ರದಡಿ ಎಂಟು ಸಾವಿರ ಹೇಳುವಾಗ ಅವನ ಕೈ ನಿಜವಾಗಿಯೂ ಸಂಕಟಪಟ್ಟಿತ್ತು. ಹಣದ ರುಚಿ ಗೊತ್ತಿದ್ದ ಯಾರೂ ಆ ಕಲ್ಲಿಗೆ ಗರಗಸ ತಾಗಿಸುವುದಿಲ್ಲ.

ಆದರೆ ಮುನಿಆಂಜನಪ್ಪನ ತಲೆ ಬೇರೆ ದಾರಿ ಹಿಡಿದಿತ್ತು. ಅವನು ಎದ್ದು ಪಂಚೆ ಕೊಡವಿದ.

“ಸರಿ ಕಣಮ್ಮ, ಕೊಯ್ದಿರೋದು ಅಂತ ನೀನೇ ಹೇಳ್ದೆ. ಕೊಯ್ಯಕ್ಕೆ ಗರಗಸ ಬೇಕು. ಗರಗಸ ಎಲ್ಲೈತೆ?” ಬೆರಳು ತೋರಿಸಿದ. ಅಸ್ಗರನ ಪಕ್ಕದಲ್ಲಿ ತಾಮ್ರದ ತೆಳು ತಟ್ಟೆಯ ಪುಟ್ಟ ಗರಗಸ ಹೊಳೆಯುತ್ತಿತ್ತು. “ಇಲ್ಲೈತೆ! ಇನ್ನೇನ್ ಬೇಕು? ನಮ್ಮನೆಯವಳು ಆಂಜನಮ್ಮನ ಮಾತು ಕೇಳಿ ಇಲ್ಲಿಗ್ ತಂದೆ ನೋಡು, ನನ್ ಬುದ್ಧಿಗೆ. ಕೆ.ಆರ್. ಪುರದಾಗೆ ಅಕ್ಕಸಾಲಿಗರಿಗೇನು ಬರವಾ!”

“ಆಂಜನಮ್ಮನವ್ರು ಹೇಳಿದ್ದೇನ್ರಿ ಈ ಅಂಗಡಿ?”

“ಹೂಂ ಮತ್ತೆ. ಅವ್ರಪ್ಪನ ಕಲ್ಲು, ಅವಳು ಹೇಳಿದ್ ಕಡೆನೇ ಕೊಟ್ಟೆ. ಐದು ಗಂಟೆ ಅಂದಿದ್ದೀನಿ, ಐದಕ್ಕೇ ಬರ್ತೀನಿ.”

ಅವನ ಯೆಜ್ಡಿ ಬೈಕಿನ ಸದ್ದು ಗಲ್ಲಿ ದಾಟಿತು. ವಿಮಲಾಕ್ಷಿ ತನ್ನ ಹಣೆ ತಾನೇ ಬಡಿದುಕೊಂಡಳು. ಬಿಡಿಸಲು ಬಂದವಳು ಉರುಳಿಗೆ ಇನ್ನೊಂದು ಸುತ್ತು ಹಾಕಿದ್ದಳು.

“ಆ ಹೆಂಗಸನ್ನ ನಾನೇ ನೋಡ್ದೆನಲ್ಲ” ಎಂದ ವಾಜಿದ್, ಚಪ್ಪಲಿ ಮೆಟ್ಟುತ್ತ. “ಕಲ್ಲು ಕೊಡೋಕೆ ಬುಧವಾರ ಹೋದಾಗ ಮನೇಲಿ ಒಬ್ಬರೇ ಇದ್ರು, ಅವರ ಕೈಗೇ ಕೊಟ್ಟೆ. ಶುಕ್ರವಾರ ಜುಮ್ಮಾ ನಮಾಜಿಗೆ ನಾವೆಲ್ಲಾ ಮಸೀದಿ ಕಡೆ ಹೋಗ್ತಿದ್ರೆ, ಅವರು ಗಲ್ಲಿ ಬಾಯಲ್ಲಿ ಆಟೋ ಇಳೀತಾ ಇದ್ರು. ಬಳೆ ತಗೊಳ್ಳೋಕೆ ಬಂದೆ ಅಂದ್ರು. ದೊಡ್ಡವರ ಮನೆ ಮದ್ವೆ, ಬಳೆ ಬೇಕಲ್ಲ.”

“ಅಸ್ಗರ್ ಭಾಯಿನೂ ನಿಮ್ಮ ಜೋಡಿ ಇದ್ರೇನು?”

“ಇಲ್ದೆ? ಶುಕ್ರವಾರ ಈ ಚಕ್ರಕ್ಕೆ ರಜಾ.”

ವಾಜಿದ್ ಹೋದ. ಅಸ್ಗರ್ ಒಂದು ಕೆಂಪು ಹರಳನ್ನು ಕಡ್ಡಿಗೆ ಕೂರಿಸಿ ಚಕ್ರ ತಿರುಗಿಸತೊಡಗಿದ. ಕೋಳ ತರಲು ಒಬ್ಬ ಹೋಗಿದ್ದರೆ, ಈ ಮನುಷ್ಯ ಕೆಲಸ ಮಾಡುತ್ತಿದ್ದಾನೆ! ಸ್ರ್‌ರ್ ಎಂಬ ಆ ಸದ್ದಿನ ಮರೆಯಲ್ಲಿ ವಿಮಲಾಕ್ಷಿ ಪರದೆ ಸರಿಸಿ ಅಡುಗೆಮನೆಗೆ ಕಾಲಿಟ್ಟಳು.

ಇಮಾಮ್ ಬೀ ಸ್ಟೌ ಪಂಪು ಮಾಡುತ್ತಿದ್ದಳು.

“ಚಾಯ್ ಮಾಡ್ತೀನಿ ಅಕ್ಕಾ, ಕೂತ್ಕೊಳ್ಳಿ.”

“ಚಾ ಆಮ್ಯಾಲ. ನಾನು ದೀಪ ಹಚ್ಚೋಕ ಮೊದಲು ನೀವು ಒಂದು ಮಾತು ಕೇಳಿದ್ರಿ. ಹಸಿರಿಗೆ ಏನೂ ಆಗಿಲ್ಲ ಅಲ್ವಾ ಅಂತ. ಅದು ಅಸಲಿ ಹಸಿರು ಅಂತ ಆಗ ನನಗೂ ಗೊತ್ತಿರಲಿಲ್ಲ. ನಿಮಗ ಹೆಂಗ ಗೊತ್ತಾತು?”

ಇಮಾಮ್ ಬೀ ಸ್ಟೌ ಪಿನ್ನು ಬಿಟ್ಟು ಬಲಗೈಯನ್ನು ದುಪಟ್ಟಾದೊಳಗೆ ಸರಿಸಿದಳು.

“ಕೈ ತೋರ್ಸ್ರಿ.”

“ನಕ್ಕೋ ಅಕ್ಕಾ, ಬೇಡ.”

“ತೋರ್ಸ್ರಿ ಅಂದೆ.”

ಬಲಗೈಯ ಹೆಬ್ಬೆರಳಲ್ಲಿ, ತೋರುಬೆರಳಲ್ಲಿ, ಒಣಗಿದ ಅಂಟಿನ ಹಳದಿ ಪೊರೆ. ನಾಲ್ಕು ದಿನ ಪಾತ್ರೆ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿದಿತ್ತು.

“ಮೂವತ್ತು ವರ್ಷ ಗಂಡನ ಪಕ್ಕ ಕೂತು ಗರಗಸಕ್ಕ ನೀರು ಬಿಟ್ಟವ್ರು ನೀವು. ಕೊಯ್ಯೋದು ನಿಮಗ ಬರಂಗಿಲ್ಲೇನು? ಆದ್ರ ಅರ್ಧ ಮಾಡಿದ್ರ ಬೆಲಿ ಸಾಯ್ತದ ಅಂತನೂ ನಿಮಗ ಗೊತ್ತು. ಅಂದಮ್ಯಾಲ ಅರ್ಧ ಮಾಡು ಅಂದವ್ರು ಹೊಲ ಹಂಚಿ ರೂಢಿ ಇದ್ದವ್ರು. ಶುಕ್ರವಾರ ಬಳೆ ತಗೊಳ್ಳಾಕ ಬಂದವ್ರು. ಹೌದಿಲ್ಲೋ?”

ಇಮಾಮ್ ಬೀ ದುಪಟ್ಟಾ ಬಾಯಿಗೆ ಒತ್ತಿಕೊಂಡು ನೆಲಕ್ಕೆ ಕುಸಿದಳು. ಅಳು ಬರಲಿಲ್ಲ, ಮಾತು ಬಂತು.

“ಆಂಜನಮ್ಮ, ನಮ್ಮ ಅಂಜೂ, ಮತ್ತೆ ನಾನು ಒಂದೇ ಬಂಗಲೇಲಿ ಹುಟ್ಟಿದ್ದು ಅಕ್ಕಾ. ಕಾಕ್ಸ್ ಟೌನಲ್ಲಿ. ಅವಳಪ್ಪ ದೊರೆಸಾನಿಯ ಮಾಲಿ. ನಮ್ಮ ಅಬ್ಬಾ ಖಾನ್‌ಸಾಮಾ, ಅಡುಗೆ ಮಾಡೋರು. ದೊರೆಸಾನಿ ವಿಲಾಯತಿಗೆ ಹೋಗೋವಾಗ ಈ ಕಲ್ಲಿದ್ದ ಬ್ರೂಚನ್ನ ಎದೆಯಿಂದ ಬಿಚ್ಚಿ ನಮ್ಮಿಬ್ಬರ ಅಪ್ಪಂದಿರ ಕೈಲೂ ಇಟ್ಟು, ನಿಮ್ಮಿಬ್ಬರಿಗೂ ಅಂದ್ಳಂತೆ. ಒಂದೇ ಕಲ್ಲು, ಇಬ್ಬರು ಜನ. ಮಾಲಿ ಮನೇಲಿ ಉಳೀತು. ಅಬ್ಬಾ ಯಾವತ್ತೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ.”

“ಮತ್ತ ಈಗ?”

“ಅಂಜೂನೇ ಬಂದ್ಳು. ಇದು ಧನಲಕ್ಷ್ಮಿ ಜೊತೆ ಬೇರೆ ಮನೆಗೆ ಹೋಗ್ಬಿಡತ್ತೆ ಇಮಾಮೂ, ನಿನ್ನ ಪಾಲು ಕೊಡ್ದೆ ಮಗಳ ಕತ್ತಿಗೆ ಹಾಕಿದ್ರೆ ನನ್ನ ಮನಸ್ಸಿಗೆ ಚುಚ್ಚತ್ತೆ ಅಂದ್ಳು. ನಾನು ಹೇಳ್ದೆ, ಕೊಯ್ಯಬಾರದು ಕಣೇ, ಎರಡೂ ಹಾಳಾಗತ್ತೆ ಅಂತ. ಕೇಳ್ಬೇಕಲ್ಲ! ಪಾಲು ಅಂದ್ರೆ ಪಾಲು, ನಮ್ಮಲ್ಲಿ ಬಾವಿನೂ ಹಗ್ಗ ಹಿಡ್ದು ಹಂಚಿದ್ದೀವಿ ಅಂದ್ಳು. ಅವಳ ಗಂಡನಿಗೆ ಗೊತ್ತಾಗ್ದಿರ್ಲಿ ಅಂತ ಗಾಜು ಕೂರಿಸ್ದೆ. ಮದ್ವೆ ಮುಗಿಯೋ ತನಕ ಇಬ್ಬರೂ ಬಾಯಿ ಬಿಡೋದಿಲ್ಲ ಅಂತ ಮಾತು. ಆ ಯಜಮಾನ ಭಾನುವಾರ ಸೇಟು ಹತ್ರ ತೋರ್ಸ್ತಾನೆ ಅಂತ ಯಾರಿಗೆ ಗೊತ್ತಿತ್ತು?”

“ನಿಮ್ಮ ಗಂಡಗ ಗೊತ್ತೇನು?”

“ಅವ್ರಿಗೆ ಒಂದು ಅಕ್ಷರಾನೂ ಗೊತ್ತಿಲ್ಲ. ಗೊತ್ತಾದ್ರೆ ಅಂಗಡಿ ಬಾಗಿಲಿಗೆ ತಲೆ ಚಚ್ಕೊಳ್ತಾರೆ, ಅಂಥಾ ಕಲ್ಲು ಕೊಯ್ದೆಯಲ್ಲೇ ಅಂತ. ಅದಕ್ಕೇ ನಿಮ್ಮನ್ನ ಕರೆದೆ. ನನ್ನ ಬಾಯಿ ಬಿಡಿಸ್ದೇ ಅವ್ರನ್ನ ಉಳಿಸ್ತೀರ ಅಂತ.”

ವಿಮಲಾಕ್ಷಿಗೆ ನಗು ಬಂತು, ಕಣ್ಣೂ ಒದ್ದೆಯಾಯಿತು. ಸೆರಗಲ್ಲಿ ಒರೆಸಿಕೊಂಡಳು. “ಮಾತು ಕೊಟ್ಟಿದ್ದು ಆಮ್ಯಾಲ ನೋಡೋಣಂತ. ಎಲ್ಲೈತಿ ಗುಲಾಬಿ? ಎರಡೂ ತುಂಡು ಮುನಿಆಂಜನಪ್ಪನ ಮುಂದ ಜೋಡ್ಸಿ ಇಟ್ರ, ಆಂಜನಮ್ಮ ಒಂದು ಮಾತು ಹೂಂ ಅಂದ್ರ, ಕೇಸೂ ಇಲ್ಲ, ಕೋಳನೂ ಇಲ್ಲ. ಹೆಂಡತಿ ಕೊಟ್ಟಿದ್ದಕ್ಕ ಯಾವ ಪೊಲೀಸ್ರು ಬರ್ತಾರ?”

ಇಮಾಮ್ ಬೀ ಗೂಡಿನಿಂದ ಹಿತ್ತಾಳೆಯ ಪಾನ್‌ದಾನ್ ಇಳಿಸಿದಳು. ಸುಣ್ಣದ ಡಬ್ಬಿ, ಕಾಚಿನ ಡಬ್ಬಿ ಎತ್ತಿಟ್ಟಳು. ಅಡಿಕೆಯ ಚೂರುಗಳ ತಳದಲ್ಲಿ ಒಂದು ಪುಟ್ಟ ಕಾಗದದ ಪೊಟ್ಟಣ. ಬಿಚ್ಚಿದರೆ ಒಳಗೆ ದಾಸವಾಳದ ಮೊಗ್ಗಿನ ತುದಿಯಂತೆ ಗುಲಾಬಿ ತುಂಡು.

ಗಂಟೆ ನಾಲ್ಕೂ ನಲವತ್ತು.

“ಬರ್ರಿ ಹೊರಗ” ಎಂದಳು ವಿಮಲಾಕ್ಷಿ. ಮತ್ತೆ ಪರೀಕ್ಷೆಯೇನೂ ಬೇಕಿರಲಿಲ್ಲ, ತುಂಡನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಕೂರಬಹುದಿತ್ತು. ಆದರೆ ಅವಳಿಗೆ ಮತ್ತೊಮ್ಮೆ ಬೂದಿ ಕುಣಿಯುವುದನ್ನು ನೋಡುವ ಆಸೆ. ಮುನಿಆಂಜನಪ್ಪನಿಗೆ ತಗುಲಿದ ಹುಚ್ಚೇ ಅವಳಿಗೂ ತಗುಲಿತ್ತು.

ಇಬ್ಬರೂ ಪರದೆ ದಾಟಿ ಬಂದಾಗ ಅಸ್ಗರ್ ಚಕ್ರದ ಮುಂದೆಯೇ ಇದ್ದ. ದೀಪ ಇನ್ನೂ ಉರಿಯುತ್ತಿತ್ತು. ಅವಳ ಚಿಮಟದ ತುದಿಯಲ್ಲಿ ಗುಲಾಬಿ ಬಣ್ಣ ಕಂಡ ಕ್ಷಣ ಸಾಣೆಯ ಸದ್ದು ನಿಂತಿತು.

ಬೆಚ್ಚಗಾಗಲು ಬಿಟ್ಟಳು. ಬೂದಿಯ ಮೇಲೆ ಹಿಡಿದಳು.

ಒಂದು ಎಸಳೂ ಅಲುಗಲಿಲ್ಲ.

ಇನ್ನೊಂದು ಸ್ವಲ್ಪ ಬಿಸಿ ಮಾಡಿದಳು. ತುದಿಯನ್ನು ಬೂದಿಗೆ ತಾಗಿದಂತೆಯೇ ಒಡ್ಡಿದಳು. ಮಗುಚಿ ಇನ್ನೊಂದು ತುದಿ ಒಡ್ಡಿದಳು. ಮೊದಲ ಗುಲಾಬಿಯ ಮುಂದೆ ಬಿದ್ದಂತೆಯೇ ಬೂದಿ ತೆಪ್ಪಗೆ ಬಿದ್ದಿತ್ತು.

“ಇದೂ ಗಾಜೇ ಐತಲ್ರಿ” ಎಂದಳು, ಯಾರಿಗೂ ಅಲ್ಲ ಎಂಬಂತೆ.

“ಇಲ್ಲ ಅಕ್ಕಾ! ನಾನೇ ಕೊಯ್ದಿದ್ದು, ನಾನೇ ಕಟ್ಟಿಟ್ಟಿದ್ದು, ಈ ಕೈಯಲ್ಲೇ!” ಇಮಾಮ್ ಬೀಯ ದನಿ ಒಡೆಯಿತು. “ಈ ಪಾನ್‌ದಾನ್ ನಾನು ಬಿಟ್ರೆ ಮುಟ್ಟೋರು ಮನೇಲಿ ಇನ್ನೊಬ್ಬರೇ...”

ಅವಳು ನಿಧಾನವಾಗಿ ಗಂಡನ ಕಡೆ ತಿರುಗಿದಳು.

ಗಲ್ಲಿಯ ಬಾಯಲ್ಲಿ ಯೆಜ್ಡಿಯ ಸದ್ದು. ಅದರ ಹಿಂದೆಯೇ ಜೀಪಿನದೂ.

ಅಸ್ಗರ್ ಯಾರನ್ನೂ ನೋಡಲಿಲ್ಲ. ಇನ್ನು ಯಾವ ಪರೀಕ್ಷೆಯೂ ಬೇಡ ಎನ್ನುವಂತೆ, ಗೆರೆ ಅಳಿಸಿದ ಆ ಬೆರಳುಗಳನ್ನು ಮುಂದೆ ಚಾಚಿ ದೀಪದ ಕುಡಿಯನ್ನು ಹಿಸುಕಿ ಆರಿಸಿದ.